ಅಪ್‌ಡೇಟ್: ರಿಪೇರಿಯಾದ ಹಳೆಯ ಟಿ.ವಿ.ಯ ಬಿಳಿ ಗೆರೆಗಳು ಹೋದವು

ಮಂಡ್ಯದ ಅಂಗಡಿಯೊಂದರಲ್ಲಿ, ಪಿಕ್ಚರ್ ಟ್ಯೂಬಿಗೆ ಅಧಿಕ ವೋಲ್ಟೇಜ್ ಒದಗಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಬದಲಿಸಿಕೊಂಡು ತಂದ ನಮ್ಮ 21 ಇಂಚಿನ ಪಿಕ್ಚರ್ ಟ್ಯೂಬ್ ಟಿ.ವಿ.ಯಲ್ಲಿ ಓರೆಯಾದ ಬಿಳಿ ಗೆರೆಗಳು ಕಾಣುತ್ತಿವೆ, ಕಪ್ಪು ಬಣ್ಣ ಬೂದಿಯಂತೆ ಮಾಸಿದೆ, ಬಲಮೂಲೆಯಲ್ಲಿ ನೇರಳೆ ಕಲೆಯಿದೆ ಎಂದು ಕಳೆದ ವಾರ ಕೇಳಿದ್ದೆ. ಈಗ ಮೂರೂ ಸರಿಹೋಗಿವೆ.

ರಿಮೋಟಿನಲ್ಲಿ ಬ್ರೈಟ್‌ನೆಸ್ ಇಳಿಸಿದಾಗ ಚಿತ್ರ ಮಂಕಾಯಿತೇ ಹೊರತು ಗೆರೆ ಹೋಗಲಿಲ್ಲ. ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ಭಾಗದ ಕೆಪಾಸಿಟರ್ ಬದಲಿಸಿದ್ದರಿಂದಲೂ ಫಲ ಸಿಗಲಿಲ್ಲ. ಕೆಲಸ ಮಾಡಿದ್ದು, ಫ್ಲೈಬ್ಯಾಕ್ ಮೇಲಿರುವ, ಪರದೆಯ ಮೂಲ ಬೆಳಕನ್ನು ಹೊಂದಿಸುವ ‘ಸ್ಕ್ರೀನ್’ ತಿರುಪನ್ನು ಇಳಿಸಿ ಎಂಬ ಸಲಹೆ. ಒಳಗೆ 20,000 ವೋಲ್ಟಿಗೂ ಮೀರಿದ ವಿದ್ಯುತ್ತಿರುವುದರಿಂದ ನಾನು ಕೈಹಾಕದೆ ಮೆಕ್ಯಾನಿಕ್ ಅವರನ್ನೇ ಮನೆಗೆ ಕರೆಸಿದೆ. ಹಿಂದೆ ಕುಳಿತ ಅವರಿಗೆ ಪರದೆ ಕಾಣಲೆಂದು ನಾನು ಎದುರಿಗೆ ಕನ್ನಡಿ ಹಿಡಿದು ನಿಂತೆ. ಅವರು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಗೆರೆಗಳು ಮಾಯವಾಗಿ, ವಾರ್ತೆ ಓದುವವರ ತಲೆಗೂದಲು ಮತ್ತೆ ಕಪ್ಪಾಯಿತು. ಪಕ್ಕದ ಫೋಕಸ್ ತಿರುಪನ್ನು ಹೊಂದಿಸಿದ ಮೇಲೆ ಪರದೆಯ ಅಡಿಯಲ್ಲಿ ಓಡುವ ಅಕ್ಷರಗಳೂ ಸ್ಪಷ್ಟವಾದವು.

ನೇರಳೆ ಕಲೆಗೆ ಕಾರಣ ಪಕ್ಕದಲ್ಲಿಟ್ಟಿದ್ದ ಸ್ಪೀಕರಿನ ಅಯಸ್ಕಾಂತ. ಅದನ್ನು ದೂರ ಸರಿಸಿದರೂ ಕಲೆ ಉಳಿದಿತ್ತು. ನಾವು ಯಾವಾಗಲೂ ರಿಮೋಟಿನಲ್ಲೇ ಆರಿಸುತ್ತಿದ್ದುದರಿಂದ, ಕಾಂತತ್ವ ಅಳಿಸುವ ಡೀಗಾಸ್ ಸುರುಳಿ ನಮ್ಮ ಸೆಟ್ಟಿನಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲವೆಂಬುದು ನನಗೆ ಹೊಸ ವಿಷಯ. ಮುಖ್ಯ ಸ್ವಿಚ್ ಆರಿಸಿ, ಅರ್ಧ ಗಂಟೆ ತಣಿಯಲು ಬಿಟ್ಟು ಮತ್ತೆ ಹಾಕಿದಾಗ ‘ಧುಮ್’ ಎಂಬ ಸದ್ದು ಕೇಳಿಸಿತು. ಹೀಗೆ ಎರಡು ಬಾರಿ ಮಾಡಿದ ಮೇಲೆ ಕಲೆ ಪೂರ್ತಿ ಅಳಿಸಿಹೋಯಿತು. ಸ್ಕ್ರೀನ್ ತಿರುಪಿನ ಸಲಹೆ ಕೊಟ್ಟವರಿಗೆ ಮನಃಪೂರ್ವಕ ಧನ್ಯವಾದಗಳು.