ಕೆಟ್ಟ ಹಾರ್ಡ್ ಡಿಸ್ಕ್‌ನಿಂದ ತಾಳಮದ್ದಲೆಯ ಧ್ವನಿಮುದ್ರಣಗಳನ್ನು ಕಡಿಮೆ ಖರ್ಚಿನಲ್ಲಿ ಹೊರತೆಗೆಯುವುದು ಹೇಗೆ?

ಪ್ರಶ್ನೆ (ಕುಂದಾಪುರದಿಂದ)

ನಮಸ್ಕಾರ. ನಮ್ಮ ತಂದೆಯವರು ಎಂಬತ್ತರ ದಶಕದಲ್ಲಿ ಕ್ಯಾಸೆಟ್‌ಗಳಲ್ಲಿ ಮುದ್ರಿಸಿಕೊಂಡಿದ್ದ ತಾಳಮದ್ದಲೆಗಳನ್ನು ಕಂಪ್ಯೂಟರಿಗೆ ಇಳಿಸಿ, 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದರಲ್ಲಿ ಇರಿಸಿದ್ದೆವು. ಈಗ ಆ ಡಿಸ್ಕ್ ತಿರುಗುತ್ತದೆ, ಅದರ ಹೆಸರೂ ಗಾತ್ರವೂ ಸರಿಯಾಗಿಯೇ ಕಾಣುತ್ತವೆ, ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಆದರೆ ಫೋಲ್ಡರ್ ತೆರೆಯಲು ಹೋದರೆ ಬಹಳ ಹೊತ್ತಿನ ಬಳಿಕ ದೋಷದ ಸಂದೇಶ ಬರುತ್ತದೆ. ಬೆಂಗಳೂರಿನ ಸಂಸ್ಥೆಯೊಂದು ಡಿಸ್ಕನ್ನು ನೋಡುವ ಮೊದಲೇ ಕ್ಲೀನ್ ರೂಮ್ (ದೂಳಿಲ್ಲದ ಕೋಣೆಯ) ಕೆಲಸ ಬೇಕೆಂದು ಹೇಳಿ ಮೂವತ್ತೈದು ಸಾವಿರ ರೂಪಾಯಿ ಕೇಳಿದೆ. ನಮಗೆ ಬೇಕಾದದ್ದು ಸುಮಾರು 60 ಜಿಬಿಯಷ್ಟು ಧ್ವನಿ ಕಡತಗಳು ಮಾತ್ರ. ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆಯೇ?

ಉತ್ತರ 1

ಮೊದಲು ಡಿಸ್ಕಿನ ಸಂಪರ್ಕ ತೆಗೆದಿಡಿ. ವಿಂಡೋಸ್‌ನಲ್ಲಿರುವ ಚೆಕ್‌ಡಿಸ್ಕ್ ಎಂಬ ದುರಸ್ತಿ ತಂತ್ರಾಂಶವನ್ನು ಮಾತ್ರ ಖಂಡಿತ ಓಡಿಸಬೇಡಿ, ಏಕೆಂದರೆ ಅದು ದುರಸ್ತಿಯ ಹೆಸರಿನಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಖರ್ಚನ್ನು ನಿರ್ಧರಿಸುವುದು ಕಡತಗಳ ಗಾತ್ರಕ್ಕಿಂತ ಹೆಚ್ಚಾಗಿ ದೋಷದ ಬಗೆ. ಟಕ್ ಟಕ್ ಎಂದು ಬಡಿಯುವ ಡಿಸ್ಕಿನಲ್ಲಿ ಸಾಮಾನ್ಯವಾಗಿ ಓದುವ ಹೆಡ್‌ಗಳು ಹಾಳಾಗಿರುತ್ತವೆ. ಅವುಗಳನ್ನು ಬದಲಿಸಲು ಅದೇ ಮಾದರಿಯ ಇನ್ನೊಂದು ಡಿಸ್ಕನ್ನು ಕೊಂಡು, ದೂಳಿಲ್ಲದ ಕೋಣೆಯಲ್ಲಿ ಎರಡನ್ನೂ ಬಿಚ್ಚಬೇಕಾಗುವುದರಿಂದ ದರ ಏರುತ್ತದೆ. ನೀವು ಹೇಳುವ ಲಕ್ಷಣಗಳು ಕೆಟ್ಟ ಸೆಕ್ಟರ್‌ಗಳನ್ನೋ (ಡಿಸ್ಕಿನಲ್ಲಿ ಓದಲು ಬಾರದ ಸಣ್ಣ ಭಾಗಗಳು) ದುರ್ಬಲಗೊಳ್ಳುತ್ತಿರುವ ಹೆಡ್ಡನ್ನೋ ಸೂಚಿಸುತ್ತವೆ. ಮೊದಲನೆಯದಾದರೆ ಡಿಸ್ಕನ್ನು ಬಿಚ್ಚುವ ಅಗತ್ಯವೇ ಬರುವುದಿಲ್ಲ. ಆದುದರಿಂದ, ಪರೀಕ್ಷಿಸದೆ ಹೇಳಿದ ದರವನ್ನು ಒಪ್ಪಬೇಡಿ.

ಉತ್ತರ 2

ಲಿನಕ್ಸ್ ಬಲ್ಲವರು ಹತ್ತಿರದಲ್ಲಿದ್ದರೆ ಉಚಿತವಾಗಿ ಸಿಗುವ ಡಿಡಿರೆಸ್ಕ್ಯೂ ತಂತ್ರಾಂಶವನ್ನು ಬಳಸಬಹುದು. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಇನ್ನೊಂದು ಡಿಸ್ಕಿಗೆ ನಕಲಿಸಿ, ಕಷ್ಟದ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. ಕಡತಗಳ ಹುಡುಕಾಟವನ್ನು ಆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಅಥವಾ ಫೋಟೊರೆಕ್ ಬಳಸಿ ಮಾಡಿ. ಫೋಟೊರೆಕ್‌ನಲ್ಲಿ ಕಡತಗಳ ಮೂಲ ಹೆಸರುಗಳು ಉಳಿಯುವುದಿಲ್ಲವಾದ್ದರಿಂದ ಯಾವ ಪ್ರಸಂಗ ಯಾವುದೆಂದು ಕೇಳಿಯೇ ಗುರುತಿಸಬೇಕಾದೀತು. ಹೊಸ ಡಿಸ್ಕ್ ಒಂದರ ಬೆಲೆಯಷ್ಟೇ ಖರ್ಚು.

ಉತ್ತರ 3

ಮೇಲಿನ ಸಲಹೆ ಸರಿಯಾದದ್ದೇ, ಆದರೆ ಬೇರೆಲ್ಲೂ ಸಿಗದ ಧ್ವನಿಗಳ ವಿಷಯದಲ್ಲಿ ನಾನು ಅದನ್ನು ಒಪ್ಪಲಾರೆ. ಹೆಡ್ ದುರ್ಬಲವಾಗಿದ್ದರೆ 2 ಟಿಬಿ ಪೂರ್ತಿ ಓದುವಷ್ಟರಲ್ಲಿ ಅದು ಸಂಪೂರ್ಣ ಸೋಲಬಹುದು. ಆಗ ಕ್ಲೀನ್ ರೂಮ್ ಖರ್ಚು ನಿಜಕ್ಕೂ ತಪ್ಪುವುದಿಲ್ಲ. ಪಿಸಿ-3000ದಂಥ ಉಪಕರಣವಿರುವ ಪ್ರಯೋಗಾಲಯದವರು ಕಡತಗಳ ಪಟ್ಟಿಯನ್ನು ಮೊದಲು ಓದಿ, ನಿಮಗೆ ಬೇಕಾದ ಫೋಲ್ಡರನ್ನಷ್ಟೇ ತೆಗೆಯಬಲ್ಲರು. ಈ 60 ಜಿಬಿಯ ಮಾತನ್ನು ಪತ್ರದಲ್ಲಿಯೇ ಬರೆದು ಕೊಡಿ. ಪರೀಕ್ಷೆಗೆ ಶುಲ್ಕವಿದೆಯೇ, ಕಡತಗಳು ಸಿಗದಿದ್ದರೆ ಹಣ ಕೊಡಬೇಕೇ, ಬಿಡಿಭಾಗದ ಡಿಸ್ಕಿನ ಬೆಲೆ ದರದೊಳಗೆ ಸೇರಿದೆಯೇ, ಸಿಕ್ಕ ಕಡತಗಳ ಪಟ್ಟಿಯನ್ನು ಹಣ ಕಟ್ಟುವ ಮೊದಲು ತೋರಿಸುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಕೊಡುವುದಾದರೆ, ಕೆಲಸ ಅಲ್ಲಿಯೇ ನಡೆಯುತ್ತದೆಯೋ ಬೇರೆಯವರಿಗೆ ದಾಟಿಸುತ್ತಾರೆಯೋ ತಿಳಿದುಕೊಳ್ಳಿ, ಏಕೆಂದರೆ ದಾಟಿಸಿದಾಗ ನಡುವಿನವರ ಪಾಲೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಡಿಸ್ಕನ್ನು ಅದರ ಪೆಟ್ಟಿಗೆಯಿಂದ ಬಿಚ್ಚದೆ ಕಳುಹಿಸಿ. ಕೆಲವು ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಪಾಸ್‌ವರ್ಡ್ ಇಡದಿದ್ದರೂ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸಲು ಅದೇ ಯುಎಸ್‌ಬಿ ಬೋರ್ಡ್ ಬೇಕು.

ಉತ್ತರ 4

ಮೂಲ ಕ್ಯಾಸೆಟ್‌ಗಳು ಇನ್ನೂ ಇವೆಯೇ?

ಪ್ರಶ್ನೆ ಕೇಳಿದವರು

ಇವೆ, ಆದರೆ ಕರಾವಳಿಯ ಮಳೆಗಾಲಗಳಲ್ಲಿ ಅನೇಕ ಟೇಪುಗಳಿಗೆ ಬೂಷ್ಟು ಹಿಡಿದಿದೆ.

ಉತ್ತರ 4

ಹಾಗಿದ್ದರೆ ಎಸೆಯಬೇಡಿ. ಬೂಷ್ಟು ಹಿಡಿದ ಟೇಪನ್ನು ಚೆನ್ನಾಗಿ ಒಣಗಿಸಿ, ಮೃದುವಾಗಿ ಒರೆಸಿ, ಹೊಸ ಕವಚಕ್ಕೆ ಸೇರಿಸಿದರೆ ಅನೇಕ ಸಲ ಧ್ವನಿ ಮರಳಿ ಸಿಗುತ್ತದೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಈ ಕೆಲಸ ಮಾಡಿ, ಒಳ್ಳೆಯ ಪ್ಲೇಯರಿಗೆ ಬೂಷ್ಟಿನ ಟೇಪನ್ನು ನೇರವಾಗಿ ಹಾಕಬೇಡಿ. ಕೆಟ್ಟಿಲ್ಲದ ಕ್ಯಾಸೆಟ್‌ಗಳ ಪಟ್ಟಿ ಮಾಡಿದರೆ, ಪ್ರಯೋಗಾಲಯದವರು ಯಾವ ಪ್ರಸಂಗಗಳನ್ನು ಮೊದಲು ತೆಗೆಯಬೇಕೆಂಬುದೂ ಸ್ಪಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿ ಸಿದ್ಧವಾಗುವವರೆಗೆ ಡಿಸ್ಕಿಗೆ ವಿದ್ಯುತ್ ಕೊಡುವುದಿಲ್ಲ. ಆ ಬಳಿಕ ಮೇಲಿನ ಪ್ರಶ್ನೆಗಳೊಂದಿಗೆ ಇನ್ನೆರಡು ಕಡೆ ಲಿಖಿತ ದರ ಕೇಳುತ್ತೇನೆ.