ಬೇಟೆ ಬುದ್ಧಿಯ ನಾಯಿ ತರಬಹುದಾ? ಸಾಕಿದವರು ಅನುಭವ ಹೇಳಿ

ಪೆರ್ಲದ ತೋಟದವ:
ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ, ತೋಟದ ನಡುವೆ ಮನೆ. ಕಾಡುಹಂದಿಯ ಕಾಟ ಜಾಸ್ತಿ ಆಗಿದೆ. ಮನೆಯಲ್ಲಿ ಅಮ್ಮ, ಹೆಂಡತಿ, ಐದು ವರ್ಷದ ಮಗಳು. ಹಟ್ಟಿಯಲ್ಲಿ ಒಂದು ಕಾಸರಗೋಡು ಗಿಡ್ಡ ದನ, ಅದರ ಕರು. ಅಂಗಳದಲ್ಲಿ ಊರ ಕೋಳಿ. ಎರಡು ಬದಿ ಕೆಂಪುಕಲ್ಲಿನ ಗೋಡೆ, ಉಳಿದ ಎರಡು ಬದಿ ಬರೀ ಅಗಳು (ಕಂದಕ). ಭಾವ ಮುಧೋಳ ಬೇಟೆ ನಾಯಿಯ ಮರಿ ಕೊಡಿಸುತ್ತೇನೆ ಅನ್ನುತ್ತಾರೆ. ಮಂಗಳೂರಿನ ಗೆಳೆಯ ರಾಟ್‌ವೀಲರ್ ತಗೋ ಅನ್ನುತ್ತಾನೆ. ಕೋಳಿ, ಕರುವಿನ ಜೊತೆ ಇಂಥ ನಾಯಿ ಹೊಂದಿಕೊಳ್ಳುತ್ತದಾ? ಸಾಕಿದವರು ಹೇಳಿ.

ಮುಳ್ಳೇರಿಯದ ಮುಧೋಳದವ:
ಮುಧೋಳವೇ ತನ್ನಿ ಮಾರಾಯ್ರೆ. ಆದರೆ ಗೋಡೆ ಮುಗಿಯುವ ಮೊದಲು ಬೇಡ. ನಮ್ಮ ಗಂಗೆ ಎಂಟು ತಿಂಗಳಿನವಳಿದ್ದಾಗ ಐದು ಅಡಿ ಗೋಡೆಯನ್ನು ನಿಂತಲ್ಲಿಂದಲೇ ಹಾರಿದಳು. ಆಚೆ ಮನೆಯ ಹನ್ನೊಂದು ಕೋಳಿ ಹೋದವು. ಒಂದಕ್ಕೆ 600 ರೂಪಾಯಿಯ ಹಾಗೆ 6,600 ಕೊಟ್ಟೆ. ಅದರಲ್ಲಿ ಎರಡು ಮೊಟ್ಟೆ ಇಡುವ ಹೇಂಟೆ ಅಂತ ಮತ್ತೆ 400 ಕೇಳಿದರು, ಅದನ್ನೂ ಕೊಟ್ಟೆ. ಆದರೂ ಆ ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ಗೋಡೆಯನ್ನು ಏಳು ಅಡಿಗೆ ಏರಿಸಿದೆ. ಕಲ್ಲು ಒಂದಕ್ಕೆ ಸಾಗಾಟ ಸೇರಿ 52 ರೂಪಾಯಿ, ಕಲ್ಲಿಗೇ 62,400 ಆಯಿತು. ಕೂಲಿ 71,000. ಸಿಮೆಂಟು, ಹೊಯ್ಗೆ 19,500. ಗೇಟಿನ ಅಡಿಯ ಸಂದಿಗೆ ತಗಡು ಹೊಡೆಸಿ ವೆಲ್ಡಿಂಗ್ ಮಾಡಿಸಿದ್ದು 4,200. ಒಟ್ಟು 1,57,100. ಮರಿಗೆ ಕೊಟ್ಟದ್ದು 12,000 ಮಾತ್ರ. ನಾಯಿಯ ಬೆಲೆ ಕೇಳುವವರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಬೆಲ್ಟ್ ವಿಷಯವೂ ಹಾಗೇ. ಈ ನಾಯಿಯ ತಲೆ ಕುತ್ತಿಗೆಗಿಂತ ಸಪೂರ. ಅಂಗಡಿಯ ಮಾಮೂಲಿ ಬೆಲ್ಟ್ ಹಾಕಿದರೆ ಹಿಂದಕ್ಕೆ ಎಳೆದು ತಲೆ ಬಿಡಿಸಿಕೊಳ್ಳುತ್ತದೆ. ಎಳೆದಾಗ ಹಿತವಾಗಿ ಬಿಗಿಯಾಗುವ ಅಗಲ ಬೆಲ್ಟ್ ಬೇಕು, ನಾನು 850 ಕೊಟ್ಟು ತರಿಸಿದೆ. ಕಳೆದ ಮಳೆಗಾಲ ಹಗ್ಗ ಕೈಯಲ್ಲಿ ಇರುವಾಗಲೇ ಅಗಳಿನಿಂದ ಹಂದಿ ನುಗ್ಗಿ ಗಂಗೆಯ ಪಕ್ಕೆ ಸೀಳಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕುವವರೇ ಇರಲಿಲ್ಲ. ಮಂಗಳೂರಿಗೆ ಕಾರಿನ ಬಾಡಿಗೆ 2,800, ಆಪರೇಷನ್ 16,500, ಆಮೇಲಿನ ಡ್ರೆಸ್ಸಿಂಗ್, ಇಂಜೆಕ್ಷನ್ 4,100. ಅರಿವಳಿಕೆ ಕೊಡುವ ಮೊದಲು ನಾನೇ ಡಾಕ್ಟರಿಗೆ ಹೇಳಿದೆ, ಇದು ಓಟದ ನಾಯಿ, ಥಯೊಪೆಂಟಾಲ್ ಅನ್ನುವ ಅರಿವಳಿಕೆ ಮದ್ದು ಬೇಡ ಅಂತ. ಮೈಯಲ್ಲಿ ಕೊಬ್ಬು ಕಡಿಮೆ, ಲಿವರ್ ಕೂಡ ಆ ಔಷಧವನ್ನು ನಿಧಾನವಾಗಿ ಕರಗಿಸುತ್ತದೆ. ಎಚ್ಚರ ಆಗುವುದು ತುಂಬಾ ತಡ. ಮುಧೋಳ ಸಾಕುವ ಎಲ್ಲರಿಗೂ ಇದು ಬಾಯಿಪಾಠ ಆಗಿರಬೇಕು.

ಈಗ ಗಂಗೆ ನಮ್ಮ ಮನೆಯ ರಾಣಿ. ಗೋಡೆಯ ಒಳಗೆ ಅವಳಷ್ಟು ಸಾಧು ನಾಯಿ ಇಲ್ಲ.

ಜತ್ತ ಕಡೆಯ ಕುರಿಗಾರ:
ಏಳು ಅಡಿ ಗೋಡೆಯೊಳಗೆ ಇಟ್ಟರೆ ಅದು ನಾಯಿಯೇನ್ರೀ? ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಈ ನಾಯಿ ಕೊಟ್ಟರು ಅಂತ ಎಲ್ಲರೂ ಹೇಳುತ್ತೀರಿ. ಅದಕ್ಕೂ ಮೊದಲು ಸಾಕಿದ್ದು ನಮ್ಮಂಥ ಬಯಲಿನ ಜನ. ನಮ್ಮಲ್ಲಿ ಮರಿ ಕಣ್ಣು ಬಿಡುವುದೇ ಕುರಿ ಹಟ್ಟಿಯಲ್ಲಿ. ಟಗರು ಒಂದು ಸಲ ಹಾಯ್ದರೆ ಸಾಕು, ಮರಿಗೆ ಬುದ್ಧಿ ಬರುತ್ತದೆ. ನಮ್ಮ ಕುರಿಯನ್ನು ನಮ್ಮ ನಾಯಿ ಮೂಸಿಯೂ ನೋಡುವುದಿಲ್ಲ. ಆದರೆ ಬೇರೆಯವರ ಆಡು ಓಡಿದರೆ ಹೋಗುತ್ತದೆ. ಅದು ಅದರ ರಕ್ತ. ಹೋದ ವರ್ಷ ಒಂದು ಗಬ್ಬದ ಆಡು ಹೋಯಿತು. ಆಡಿಗೆ 11,000, ಹೊಟ್ಟೆಯಲ್ಲಿದ್ದ ಮರಿಗೆ 3,000 ಅಂತ ಹಿರಿಯರು ತೀರ್ಮಾನ ಮಾಡಿದರು. ಹುಟ್ಟದ ಮರಿಗೆ ದುಡ್ಡು ಕೊಟ್ಟವನು ನಾನು. ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಇನ್ನೊಂದು. ಪುಣೆಯವರೊಬ್ಬರು ನಮ್ಮ ಸೂಲಿನ ಒಳ್ಳೆಯ ಗಂಡು ಮರಿ ಒಯ್ದರು. ಫ್ಲಾಟಿನಲ್ಲಿ ಸೋಫಾ ಹರಿಯಿತು, ಬೆಕ್ಕು ಹಿಡಿಯಿತು ಅಂತ ಒಂದೂವರೆ ವರ್ಷದ ನಾಯಿಯನ್ನು ತಂದು ಬಿಟ್ಟು ಹೋದರು. ಅದು ಹಟ್ಟಿಗೂ ಹೊಂದಲಿಲ್ಲ, ಮನೆಗೂ ಹೊಂದಲಿಲ್ಲ. ಓಡಲು ನೆಲ ಇಲ್ಲದವರು ಈ ನಾಯಿ ಕೇಳಲೇಬಾರದು. ಸಂಜೆ ಬಯಲಿಗೆ ಒಯ್ದು ಒಂದು ಮೊಲದ ಹಿಂದೆ ಬಿಟ್ಟರೆ ರಾತ್ರಿ ಸುಮ್ನೆ ಮಲಗುತ್ತದೆ.

ತಾಳವಾಡಿ ಅಕ್ಕ:
ಮೊಲದ ಹಿಂದೆ ಬಿಡಿ ಅಂತ ಇಷ್ಟು ಸಲೀಸಾಗಿ ಹೇಳುತ್ತೀರಲ್ಲ! 1972ರ ವನ್ಯಜೀವಿ ಕಾಯ್ದೆಯಲ್ಲಿ ನಾಯಿ ಬಿಟ್ಟು ಬೆನ್ನಟ್ಟಿಸುವುದೂ ಬೇಟೆಯೇ. ಸಿಗದಿದ್ದರೂ ಬೇಟೆಯೇ, ಪ್ರಯತ್ನಕ್ಕೂ ಕೇಸು. ನಮ್ಮ ಊರು ಸತ್ಯಮಂಗಲ ಹುಲಿ ಕಾಡಿನ ಅಂಚು. ಇಲ್ಲಿ ನಾಯಿ ಕಾಡಿಗೆ ನುಗ್ಗಿದರೆ ಆನೆಯನ್ನು ಕೆಣಕಿ ವಾಪಸ್ ಓಡಿಬರುವುದು ಒಡೆಯನ ಕಾಲ ಬುಡಕ್ಕೇ. ಹಿಂದೆ ಆನೆಯೂ ಬರುತ್ತದೆ.

ನನ್ನವು ತಮಿಳುನಾಡಿನ ರಾಜಪಾಳ್ಯಂ ತಳಿಯ ಎರಡು ನಾಯಿ. ಒಂದು ಹುಟ್ಟು ಕಿವುಡು. ಬಿಳಿ ರಾಜಪಾಳ್ಯದಲ್ಲಿ ಅದು ಇರುವುದೇ, ಮಾರುವವರು ಬಾಯಿ ಬಿಡುವುದಿಲ್ಲ. ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ ತನ್ನಿ. ಆ ಕಿವುಡು ನಾಯಿಯನ್ನು ಚಿರತೆ ಕೊಟ್ಟಿಗೆಯ ಎದುರಿಂದಲೇ ಒಯ್ದಿತು. ಉಳಿದದ್ದಕ್ಕೆ ರಾತ್ರಿ ಕಬ್ಬಿಣದ ಗೂಡು ಮಾಡಿಸಿದೆ, 27,000.

ಆ ಉಳಿದ ನಾಯಿ ಹಾಲು ಹಾಕಿಸಿಕೊಳ್ಳಲು ಬರುವ ಹುಡುಗನ ತೊಡೆ ಕಚ್ಚಿತು. ಅವನು ಗೇಟು ತೆಗೆದು ಒಳಗೆ ಬಂದಿದ್ದ, ಬೋರ್ಡ್ ಓದಿಯೂ ಬಂದಿದ್ದ. ನಾನೇ ಸೋಪು ಹಾಕಿ ಕಾಲು ಗಂಟೆ ಹರಿಯುವ ನೀರಲ್ಲಿ ಗಾಯ ತೊಳೆದೆ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಪುಕ್ಕಟೆ. ಆಳದ ಗಾಯ ಅಂತ ರೇಬಿಸ್ ತಡೆಯಲು ತಕ್ಷಣ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಯಿತು. ಅದು ಆವತ್ತು ಅಲ್ಲಿ ಇರಲಿಲ್ಲ, ಹೊರಗಿನಿಂದ ತಂದದ್ದು 6,300. ಅವನ ಕೂಲಿ, ಬಸ್ಸು, ಆಟೋ ಎಲ್ಲ ಸೇರಿ 9,000. ಅವರ ಮಾವ ಪೊಲೀಸ್ ಠಾಣೆಗೆ ಹೋದರು. ಸಾಕಿದ ಪ್ರಾಣಿಯ ಬಗ್ಗೆ ಅಜಾಗರೂಕತೆ ತೋರಿದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000ದವರೆಗೆ ದಂಡ, ಇಲ್ಲವೇ ಎರಡೂ. ನಾಯಿಯ ಲಸಿಕೆ ಪುಸ್ತಕ ಸರಿ ಇದ್ದದ್ದರಿಂದ ಮಾತಲ್ಲೇ ಮುಗಿಯಿತು. ಆ ಪುಸ್ತಕ ಜೋಪಾನ.

ಹೊಸೂರಿನ ರಾಟ್‌ವೀಲರ್ ಮನೆ:
ಎಲ್ಲರೂ ಓಟದ ನಾಯಿಯ ಕಥೆಯನ್ನೇ ಹೇಳುತ್ತಿದ್ದೀರಿ. ಬೇಟೆ ಬುದ್ಧಿ ಬೇರೆ, ಕಾವಲು ಬುದ್ಧಿ ಬೇರೆ. ಓಡುವ ಕೋಳಿ ಹಿಡಿಯುವ ನಾಯಿಗೆ ಸಿಟ್ಟು ಇರುವುದಿಲ್ಲ, ಖುಷಿ ಇರುತ್ತದೆ. ಬೆನ್ನಟ್ಟುವುದೇ ಅದಕ್ಕೆ ಬಹುಮಾನ. ಅದಕ್ಕೇ ಬೈದರೂ ಬಿಸ್ಕತ್ತು ಕೊಟ್ಟರೂ ನಿಲ್ಲುವುದಿಲ್ಲ. ಗಂಡು ನಾಯಿಯ ಬೀಜ ತೆಗೆಸಿದರೂ ಅದು ಹೋಗುವುದಿಲ್ಲ. ಕಾವಲು ನಾಯಿ ಹಾಗಲ್ಲ. ಯಾರು ನಮ್ಮವರು, ಯಾರು ಹೊರಗಿನವರು ಅಂತ ಅದಕ್ಕೆ ಚಿಕ್ಕಂದಿನಲ್ಲೇ ತೋರಿಸಬೇಕು. ಮೂರನೇ ವಾರದಿಂದ ಮೂರು ತಿಂಗಳವರೆಗೆ ಮರಿ ಎಷ್ಟು ಬಗೆಯ ಜನರನ್ನು ನೋಡುತ್ತದೋ ಅಷ್ಟು ಒಳ್ಳೆಯದು. ನಮ್ಮ ಭೀಮನನ್ನು ನಾನು ಎತ್ತಿಕೊಂಡೇ ಹೊಸೂರು ಬಸ್ ಸ್ಟ್ಯಾಂಡ್, ಸಂತೆ, ದೇವಸ್ಥಾನದ ಬೀದಿ ಎಲ್ಲ ತೋರಿಸಿದೆ. ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಕೋಲು ಊರುವ ಅಜ್ಜ, ಎಲ್ಲರನ್ನೂ ನೋಡಿದ.

ಖರ್ಚು ಬರೆದುಕೊಳ್ಳಿ. ಮರಿ 35,000. ತರಬೇತಿಯವರಿಗೆ ತಿಂಗಳಿಗೆ 8,000. ಬಾಯಿಗೆ ಹಾಕುವ ಬುಟ್ಟಿ ಮಝಲ್ 1,400, ಅದರಲ್ಲಿ ನಾಯಿ ನೀರು ಕುಡಿಯಬಹುದು, ಬಾಯಿ ತೆರೆದು ಏದುಸಿರು ಬಿಡಬಹುದು. ಬಟ್ಟೆಯ ಮಝಲ್ ಬೇಡ. ಸೊಂಟದ ಎಕ್ಸ್‌ರೇ 3,200, ಯಾಕಂದರೆ ಈ ತಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ತಾಯಿ ನಾಯಿಯ ಎಕ್ಸ್‌ರೇ ಕೇಳಿದಾಗ ಮಾರಿದವನು ನಕ್ಕ. ಉಣ್ಣಿ ಕಚ್ಚಿ ಜ್ವರ ಬಂದಾಗ ರಕ್ತ ಪರೀಕ್ಷೆ, ಡ್ರಿಪ್, ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ಸೇರಿ 11,700. ಇವತ್ತು ನಮ್ಮ ಭೀಮ ಮನೆಗೆ ಯಾರು ಬಂದರೂ ನಾನು ಹೇಳಿದಲ್ಲಿ ಕೂರುತ್ತಾನೆ.

ತಾಳವಾಡಿ ಅಕ್ಕ:
2024ರ ಮೇನಲ್ಲಿ ಚೆನ್ನೈ ಪಾರ್ಕಿನಲ್ಲಿ ಐದು ವರ್ಷದ ಹುಡುಗಿಯನ್ನು ಕಚ್ಚಿದ್ದು ಎರಡು ರಾಟ್‌ವೀಲರ್. ಕೇಳಿದವರ ಮಗಳಿಗೂ ಐದೇ ವರ್ಷ.

ಹೊಸೂರಿನ ರಾಟ್‌ವೀಲರ್ ಮನೆ:
ಅಕ್ಕ, ಆ ಸುದ್ದಿ ಬಂದ ಮೇಲೆ ನಮ್ಮ ಬೀದಿಯವರು ಭೀಮನಿಗೆ ಕಲ್ಲು ಎಸೆದರು. ಆರು ವರ್ಷದಿಂದ ಒಬ್ಬರನ್ನೂ ಪರಚದ ನಾಯಿಗೆ! ಅಲ್ಲಿ ನಾಯಿಗಳಿಗೆ ಹಗ್ಗ ಇರಲಿಲ್ಲ, ಅದು ಸುದ್ದಿಯಲ್ಲೇ ಬಂದಿತ್ತು. ಅದನ್ನು ಯಾಕೆ ಹೇಳುವುದಿಲ್ಲ? ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ತಳಿಯನ್ನು ದೂರುವುದು ಸುಲಭ. ನಿಮ್ಮ ನಾಯಿಯೇ ಅಲ್ವಾ ತೊಡೆ ಕಚ್ಚಿದ್ದು?

ತಾಳವಾಡಿ ಅಕ್ಕ:
ಗೇಟಿನ ಒಳಗೆ ಕಚ್ಚಿತು. ಕಾವಲು ನಾಯಿ ಗೇಟಿನ ಒಳಗೆ ಮಾಡುವ ಕೆಲಸವೇ ಅದು. ಬಸ್ ಸ್ಟ್ಯಾಂಡಿಗೆ ಮೆರವಣಿಗೆ ಹೋಗುವ ನಾಯಿಯನ್ನು ನಾನು ಸಾಕಿಲ್ಲ. ಮಗುವಿನ ಜೊತೆ ಒಂಟಿಯಾಗಿ ಬಿಡುತ್ತೀರಾ ನಿಮ್ಮ ಭೀಮನನ್ನು? ಅದನ್ನು ಹೇಳಿ.

ಹೊಸೂರಿನ ರಾಟ್‌ವೀಲರ್ ಮನೆ:
ಬಿಡುವುದಿಲ್ಲ. ಯಾವ ನಾಯಿಯನ್ನೂ ಯಾವ ಮಗುವಿನ ಜೊತೆಗೂ ಬಿಡುವುದಿಲ್ಲ. ಅದರಲ್ಲಿ ವಾದ ಏನಿದೆ?

ಮಡಕಶಿರಾದಿಂದ:
ಯಾಕೆ ಬೇಕು ಈ ಜಾತಿ ನಾಯಿ? ನಮ್ಮದು ಊರ ನಾಯಿ. ರೇಬಿಸ್ ಲಸಿಕೆ, ಉಣ್ಣಿ ಮಾತ್ರೆ ಬಿಟ್ಟರೆ ಖರ್ಚಿಲ್ಲ. ಹಗಲು ಸರಪಳಿಯಲ್ಲಿ ಕಟ್ಟುತ್ತೇವೆ, ರಾತ್ರಿ ಬಿಡುತ್ತೇವೆ. ಕಡಲೆಕಾಯಿ ಹೊಲಕ್ಕೆ ಹಂದಿ ಬಂದರೆ ಊರೆಲ್ಲ ಎದ್ದೇಳುವಂತೆ ಬೊಗಳುತ್ತದೆ. ಸಾಕಲ್ವಾ?

ಮುಳ್ಳೇರಿಯದ ಮುಧೋಳದವ:
ಹಗಲಿಡೀ ಸರಪಳಿಯಲ್ಲಿ ಕಟ್ಟಿ ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಗೊತ್ತಾ? ಓಡಾಡಿಸದೆ ದಿನವೂ ಕಟ್ಟಿದರೆ ಅಂತ ಅದರಲ್ಲಿ ನಾಯಿಗೆ ಅಂತಲೇ ಬರೆದಿದೆ. ಕಟ್ಟಿದ ನಾಯಿಯೇ ಹೆಚ್ಚು ಕಚ್ಚುವುದು. ರಾತ್ರಿ ಬಿಟ್ಟ ನಾಯಿ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತಾ? ನಮ್ಮ ಕಡೆ ಹಂದಿಗೆ ಇಟ್ಟ ಉರುಳಿಗೆ ಬೀಳುವುದು ಇಂಥ ನಾಯಿಗಳೇ.

ಮಡಕಶಿರಾದಿಂದ:
ಒಂದೂವರೆ ಲಕ್ಷದ ಜೈಲು ಕಟ್ಟಿದವರಿಂದ ನನಗೆ ಪಾಠ ಬೇಡ. ಅನುಭವ ಕೇಳಿದರು, ಹೇಳಿದೆ.

ಜತ್ತ ಕಡೆಯ ಕುರಿಗಾರ:
ಮೊಲದ ಮಾತಿಗೆ ಕಾಯ್ದೆ ಹೇಳಿದ ಅಕ್ಕನಿಗೆ: ನಮ್ಮ ಅಜ್ಜನ ಕಾಲದಿಂದ ಇದು ನಮ್ಮ ಬದುಕು. ತೋಳ ಬಂದಾಗ ನಿಮ್ಮ ಕಾಯ್ದೆ ಬಂದು ಕುರಿ ಕಾಯುವುದಿಲ್ಲ. ಅಂದಹಾಗೆ ಮುಳ್ಳೇರಿಯದವರೆ, ನಿಮ್ಮದು ಮುಧೋಳ, ನಮ್ಮದು ಕಾರವಾನ್, ಎರಡೂ ಒಂದೇ ಅಲ್ಲ. ನಮ್ಮವು ಗಟ್ಟಿ.

ಮುಳ್ಳೇರಿಯದ ಮುಧೋಳದವ:
ಎರಡೂ ಒಂದೇ ನಾಯಿ ರೀ. ಒಂದು ಕೆನೆಲ್ ಸಂಸ್ಥೆ ಕಾರವಾನ್ ಹೌಂಡ್ ಅಂತ ನೋಂದಾಯಿಸುತ್ತದೆ, ಇನ್ನೊಂದು ಮುಧೋಳ ಹೌಂಡ್ ಅಂತ. 2005ರ ಅಂಚೆ ಚೀಟಿಯಲ್ಲಿ ಬಂದದ್ದು ಮುಧೋಳ. 2016ರಲ್ಲಿ ಸೈನ್ಯ ಮೀರತ್‌ಗೆ ತರಬೇತಿಗೆ ಒಯ್ದದ್ದೂ ಮುಧೋಳದ ಮರಿಗಳನ್ನೇ.

ಪೆರ್ಲದ ತೋಟದವ:
ಎಲ್ಲರಿಗೂ ಧನ್ಯವಾದ. ಕರುವಿನ ವಿಷಯ ಯಾರೂ ಹೇಳಲಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಅಡಿಕೆಗೆ ಮದ್ದು ಬಿಡುವವರು ಬರುತ್ತಾರೆ, ಪ್ರತಿ ಸಲ ಬೇರೆ ಬೇರೆ ಜನ. ಆಗ ನಾಯಿಯನ್ನು ಏನು ಮಾಡುತ್ತೀರಿ?

ಮುಳ್ಳೇರಿಯದ ಮುಧೋಳದವ:
ಕೆಲಸದವರು ಬರುವ ಮೊದಲು ಹಿಂದಿನ ಕೋಣೆಯಲ್ಲಿ ಹಾಕಿ ಹೊರಗಿನಿಂದ ಬೀಗ. ಕೀ ಮನೆಯಲ್ಲಿ ಒಬ್ಬರ ಹತ್ತಿರ ಮಾತ್ರ. ಕೊಯ್ಲಿಗೂ ಹಾಗೇ, ರಬ್ಬರ್ ಟ್ಯಾಪಿಂಗಿನವರು ಬೆಳಗಿನ ಜಾವ ಬರುವಾಗಲೂ ಹಾಗೇ. ಕರುವನ್ನು ಹಟ್ಟಿಯೊಳಗೆ ಕಟ್ಟಿ, ನಾಯಿಯನ್ನು ಹಗ್ಗದಲ್ಲಿ ಹಿಡಿದು ದೂರದಿಂದ ದಿನವೂ ತೋರಿಸಿ. ನಿಂತ ಕರುವಿಗೆ ಗಂಗೆ ಏನೂ ಮಾಡಳು. ಬಾಲ ಎತ್ತಿ ಓಡುವ ಕರುವಿನ ಹತ್ತಿರ ನಾನು ಇವತ್ತಿಗೂ ಅವಳನ್ನು ಬಿಡುವುದಿಲ್ಲ. ಕೋಳಿಗೆ ಮೇಲೂ ಬಲೆ ಇರುವ ಗೂಡು ಬೇಕು. ಪಂಚಾಯತ್ ಲೈಸೆನ್ಸ್ ಮರೆಯಬೇಡಿ, ಲಸಿಕೆ ಸರ್ಟಿಫಿಕೇಟ್ ಇಲ್ಲದೆ ಕೊಡುವುದಿಲ್ಲ. ಫಾರ್ಮ್ ಮಲಯಾಳದಲ್ಲಿ ಇರುತ್ತದೆ, ಕನ್ನಡದ್ದು ಕೇಳಿ, ಬಿಡಬೇಡಿ.

ಹೊಸೂರಿನ ರಾಟ್‌ವೀಲರ್ ಮನೆ:
ಗೋಡೆ ಇಲ್ಲದ ತೋಟಕ್ಕೆ ಓಟದ ನಾಯಿ ಕೊಡಿಸುವ ಭಾವನನ್ನು ಮೊದಲು ಕೇಳಿ, ಕೋಳಿಯ ದುಡ್ಡು ಅವರು ಕೊಡುತ್ತಾರಾ ಅಂತ.

ಪೆರ್ಲದ ತೋಟದವ:
ಭಾವನಿಗೆ ಈ ವರ್ಷ ಬೇಡ ಅಂತ ಹೇಳಿದ್ದೇನೆ. ಉಳಿದ ಎರಡು ಬದಿ ಗೋಡೆ ಆಗಲಿ, ಆಮೇಲೆ ನೋಡುತ್ತೇನೆ. ಮುಳ್ಳೇರಿಯದವರೆ, 52 ರೂಪಾಯಿಯ ಕಲ್ಲು ಈಗಲೂ ಸಿಗುತ್ತದಾ?

ಮುಳ್ಳೇರಿಯದ ಮುಧೋಳದವ:
ಈಗ 58 ಅನ್ನುತ್ತಾರೆ. ಮಳೆ ಶುರುವಾದರೆ ಪಣೆಯಲ್ಲಿ (ಕಲ್ಲಿನ ಕೋರೆಯಲ್ಲಿ) ನೀರು ನಿಂತು ಕಲ್ಲು ಕೊಯ್ಯುವುದು ನಿಲ್ಲುತ್ತದೆ. ಮೇ ಒಳಗೆ ಇಳಿಸಿಕೊಳ್ಳಿ. ಒಡೆದ ಕಲ್ಲನ್ನು ಲೆಕ್ಕಕ್ಕೆ ಸೇರಿಸುತ್ತಾರೆ, ಲಾರಿಯಿಂದ ಇಳಿಸುವಾಗ ಹತ್ತಿರ ನಿಂತು ಎಣಿಸಿ.