ಶನಿವಾರ ರಾತ್ರಿ ಒಂದು ನಕ್ಷತ್ರ ಮಂಕಾಗಿತ್ತು. ಮಗಳು ಕಂಡಿದ್ದು ನಿಜವಾ?

ಅಡಿಕೆ ಅಂಗಳ (ಶಿರಸಿ ಕಡೆ):
ಶನಿವಾರ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಮಗಳು ಒಂಬತ್ತನೇ ಕ್ಲಾಸು, ಈ ವರ್ಷ ಆಕಾಶ ನೋಡುವ ಹುಚ್ಚು ಹಿಡಿದಿದೆ. ಒಂಬತ್ತು ಗಂಟೆ ಹೊತ್ತಿಗೆ ಉತ್ತರಕ್ಕೆ ಕೈ ತೋರಿಸಿ, "ಅಪ್ಪಾ, ಆ ನಕ್ಷತ್ರ ನಿನ್ನೆ ಜೋರಾಗಿತ್ತು, ಇವತ್ತು ಸಣ್ಣಗಾಗಿದೆ" ಅಂದಳು. ಕೃತ್ತಿಕೆಗೂ ಕುಂತಿ (ಕ್ಯಾಸಿಯೋಪಿಯಾ) ಪುಂಜಕ್ಕೂ ನಡುವೆ ಇರುವುದು. ಮೆಟ್ಟುಗತ್ತಿ ಮುಂದೆ ಕೂತು ಮೇಲೆ ನೋಡಬೇಡ, ನಿದ್ದೆಗಣ್ಣು ಅಂತ ಗದರಿದೆ.

ಹನ್ನೊಂದಕ್ಕೆ ಅವಳೇ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಬಲ್ಬಿನ ಬೆಳಕು ಕಣ್ಣಿಗೆ ಬೀಳದ ಹಾಗೆ ಅಡಿಕೆ ಹಾಳೆ ಅಡ್ಡ ಹಿಡಿದಳು. ಹೌದು, ಮಂಕಾಗಿತ್ತು. ಒಂದೂವರೆಗೆ ಹಂಡೆಯ ಒಲೆಗೆ ಕಟ್ಟಿಗೆ ಹಾಕಲು ಎದ್ದಾಗ ನೋಡಿದೆ, ಮತ್ತೆ ಬೆಳಗುತ್ತಿತ್ತು! ಏನಿದು? ಕೂಸಿಗೆ ಸುಮ್ನೆ ಗದರಿದೆ ಅಂತ ಮನಸ್ಸಿಗೆ ಬೇಜಾರಾಗಿದೆ.

ಹೊನ್ನಾವರ ದಂಡೆ:
ತೆಳು ಮೋಡ ಅಡ್ಡ ಬಂದಿರಬಹುದಲ್ವಾ? ಚಳಿಗಾಲದಲ್ಲಿ ನಿಮ್ಮ ಕಡೆ ಇಬ್ಬನಿಯೂ ಜಾಸ್ತಿ.

ಅಡಿಕೆ ಅಂಗಳ:
ಅಕ್ಕಪಕ್ಕದ ನಕ್ಷತ್ರಗಳು ಹಾಗೇ ಇದ್ದವು.

ಕುಮಟಾ ತಾರೆ:
ಹಾಗಾದರೆ ಮೋಡವಲ್ಲ. ನಿಮ್ಮ ಮಗಳು ಕಂಡಿದ್ದು ಅಲ್ಗಾಲ್, ಪಾರ್ಥ ಅಂದರೆ ಪರ್ಸಿಯಸ್ ಪುಂಜದ್ದು. ನಾನು ಹನ್ನೆರಡು ಚಳಿಗಾಲದಿಂದ ಅದರ ಹಿಂದೆ ಬಿದ್ದವನು. ಯಾರೂ ಹೇಳಿಕೊಡದೆ ಅವಳು ಅದನ್ನು ಹಿಡಿದಳು ಅಂತ ಓದಿ ನನಗೆ ತುಂಬಾ ಖುಷಿಯಾಯಿತು.

ಕಣ್ಣಿಗೆ ಒಂದೇ ಚುಕ್ಕಿ, ಆದರೆ ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. ನಡುವಿನ ದೂರ ಸುಮಾರು 93 ಲಕ್ಷ ಕಿಲೋಮೀಟರ್ ಮಾತ್ರ. ಸೂರ್ಯನಿಂದ ಬುಧಕ್ಕೆ ಇದರ ಆರು ಪಟ್ಟು ದೂರ ಇದೆ! ದೂರದಲ್ಲಿ ಮೂರನೆಯದೂ ಒಂದಿದೆ, ಅದು ಈ ಆಟಕ್ಕಿಲ್ಲ. ಮಂಕು ನಕ್ಷತ್ರ ಪ್ರಕಾಶದ ನಕ್ಷತ್ರದ ಮುಂದೆ ಬಂದಾಗ ಗ್ರಹಣ. ಹೊಳಪಿನ ಅಳತೆ ಮ್ಯಾಗ್ನಿಟ್ಯೂಡ್ (ಅಂಕಿ ಹೆಚ್ಚಾದಷ್ಟೂ ಮಂಕು) 2.1ರಿಂದ 3.4ಕ್ಕೆ ಹೋಗುತ್ತದೆ, ಅಂದರೆ ಬೆಳಕು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಶುರುವಾಗಿ ಮುಗಿಯಲು ಸುಮಾರು 10 ಗಂಟೆ.

ನನ್ನನ್ನು ಇವತ್ತಿಗೂ ಕಾಡುವ ಸಂಗತಿ ಬೇರೆ. ಪ್ರಕಾಶದ್ದು ಸೂರ್ಯನ ಮೂರು ಪಟ್ಟಿಗೂ ಜಾಸ್ತಿ ತೂಕ, ಮಂಕಾದ್ದು 0.7 ಪಟ್ಟು ಮಾತ್ರ. ತೂಕದ ನಕ್ಷತ್ರ ಬೇಗ ಮುದಿಯಾಗಬೇಕು. ಇಲ್ಲಿ ಹಗುರಾದ್ದೇ ಉಬ್ಬಿ ಮುದಿಯಾಗಿದೆ. ಯಾಕೆಂದರೆ ಒಂದು ಕಾಲದಲ್ಲಿ ಅದೇ ದೊಡ್ಡದಾಗಿತ್ತು. ಉಬ್ಬಿದಾಗ ತನ್ನ ಮೈಯನ್ನೇ ಜೊತೆಗಾರನಿಗೆ ಸುರಿದುಬಿಟ್ಟಿತು.

ಗ್ರಹಣ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಬರುತ್ತದೆ. ನೀವು ಹನ್ನೊಂದಕ್ಕೆ ಕಂಡಿದ್ದೇ ತೀರಾ ಮಂಕಾದ ಹೊತ್ತು ಅಂದುಕೊಂಡರೆ, ಮುಂದಿನದು ಮಂಗಳವಾರ ಸಂಜೆ 7:50ರ ಸುಮಾರಿಗೆ. ಅದರ ಪಶ್ಚಿಮಕ್ಕೆ ಇರುವ ಆಲ್ಮಾಕ್ ನಕ್ಷತ್ರದ ಜೊತೆ ಹೋಲಿಸಿ ನೋಡಿ. ಬೇರೆ ದಿನ ಎರಡೂ ಸಮ.

1783ರಲ್ಲಿ ಈ ಅವಧಿಯನ್ನು ಲೆಕ್ಕ ಹಾಕಿ ಹೇಳಿದ್ದು ಇಂಗ್ಲೆಂಡಿನ ಯಾರ್ಕ್‌ನ ಜಾನ್ ಗುಡ್ರಿಕ್. ಕಿವಿ ಕೇಳದ ಹುಡುಗ, ವಯಸ್ಸು 18. ಯಾವುದೋ ಕಾಯ ಅದರ ಮುಂದೆ ಹಾದುಹೋಗುತ್ತಿರಬಹುದು ಅಂತ ಆಗಲೇ ಬರೆದಿದ್ದ. ಅವನು ಹೀಗೇ ಸುಮ್ಮನೆ ನೋಡುತ್ತಾ ಕೂತವನು ಅಂತ ಮಗಳಿಗೆ ಹೇಳಿ.

ಬೈತಖೋಲ್ ಗಾಳಿ (ಕಾರವಾರ):
ಇದನ್ನು ಓದಿ ಮಂಗಳವಾರ ದೇವಬಾಗದ ಗಾಳಿಮರಗಳ ಆಚೆ ಮರಳಿನಲ್ಲಿ ಕೂತೆವು. ಬಂದರಿನ ಲೈಟು ಬೆನ್ನಿಗಿತ್ತು. ಏಳೂಮುಕ್ಕಾಲಿಗೆ ಆಲ್ಮಾಕ್ ಪಕ್ಕ ಇದು ಎಷ್ಟು ಸಪ್ಪೆ! ಹತ್ತು ಗಂಟೆಗೆ ಎದ್ದಾಗ ಅರ್ಧ ಚೇತರಿಸಿಕೊಂಡಿತ್ತು.

ಅಡಿಕೆ ಅಂಗಳ:
ನಾವೂ ನೋಡಿದೆವು ಸರ್. ಅವಳ ಹತ್ತಿರ ತಪ್ಪಾಯಿತು ಅಂದೆ. ಅವಳಿಗೆ ಅದೆಲ್ಲ ಮರೆತೇಹೋಗಿತ್ತು, ಗುಡ್ರಿಕ್ ಬಗ್ಗೆ ಇನ್ನೂ ಹೇಳಿ ಅಂತ ಕೂತಳು. ಆಮೇಲೆ ಆ ಶನಿವಾರದಿಂದ ಎಂಟು ಸುತ್ತು ಕೂಡಿಸಿ, ಸೋಮವಾರ ರಾತ್ರಿ 9:30 ಅಂತ ಕ್ಯಾಲೆಂಡರ್ ಮೇಲೆ ಬರೆದಿದ್ದಾಳೆ. ಆವತ್ತು ಅಂಗಳದ ಬಲ್ಬು ಆರಿಸುತ್ತೇವೆ.